ಜಮೀನು ಕಾದವನ ಜಾಮೀನು

ಬೀದರ
೧೬ ಫೆಬ್ರವರಿ ೨೦೨೫

ಅಕ್ಕನ ಪಾದಗಳಿಗೆ, ದೂರದಿಂದಲೇ,

ಮೊದಲು ತಪ್ಪೊಪ್ಪಿಗೆ. ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಬುದ್ಧಿಯಿಂದ, ಅಪ್ಪನ ಫೋಟೋದ ಮುಂದೆ ಕುಳಿತು ಬರೆಯುತ್ತಿದ್ದೇನೆ: ನಾನು ಕಳ್ಳ. ನೀನು ಈಗ ಕೈಯಲ್ಲಿ ಹಿಡಿದಿರುವ ಹಾಳೆ ಸರಕಾರದ್ದು. ಠಾಣೆಯಲ್ಲಿ ನನ್ನ ಹೇಳಿಕೆ ಬರೆದುಕೊಳ್ಳಲು ಮುನ್ಶಿ ಒಂದು ಕಟ್ಟು ಕಾಗದ ತಂದಿಟ್ಟಿದ್ದ. ಅವನು ನೀರು ಕುಡಿಯಲು ಎದ್ದ ಅರ್ಧ ನಿಮಿಷದಲ್ಲಿ ಏಳು ಹಾಳೆ ನನ್ನ ಅಂಗಿಯೊಳಗೆ ಸೇರಿದವು. ಇಪ್ಪತ್ತೆಂಟು ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿದ ಕೈ. ಬಿಳಿ ಹಾಳೆ ಕಂಡರೆ ತಡೆಯುವುದಿಲ್ಲ. ಶಿಕ್ಷೆ ನೀನೇ ವಿಧಿಸು.

ಠಾಣೆಗೆ ಯಾಕೆ ಹೋಗಿದ್ದೆ ಎಂದು ಕೇಳುತ್ತೀಯ. ಅದು ಈ ಕಳ್ಳತನಕ್ಕಿಂತ ಸಣ್ಣ ಸಂಗತಿ. ಒಬ್ಬ ಮನುಷ್ಯನಿಗೆ ನನ್ನ ಬಂದೂಕಿನ ಗುಂಡು ತಗುಲಿದೆ.

ಗಾಬರಿಯಾಗಬೇಡ, ಬದುಕಿದ್ದಾನೆ. ಫೋನು ಮಾಡಬಹುದಿತ್ತು. ಆದರೆ ನಿನ್ನ ಕಿವಿಗೂ ಫೋನಿಗೂ ಮೊದಲಿನಿಂದ ಆಗಿಬರುವುದಿಲ್ಲ. ನಿನಗೆಂದು ಕೂಗಿ ಹೇಳಿದ್ದನ್ನು ನಮ್ಮ ಓಣಿಯವರು ಕೇಳಿ ಅಭಿಪ್ರಾಯ ಕೊಡುತ್ತಾರೆ. ಕಾಗದವೇ ಮೇಲು.

ಅಪ್ಪನ ಜೋಡು ನಳಿಗೆಯ ಬಂದೂಕು ನಿನಗೆ ನೆನಪಿದೆಯಲ್ಲ? ಅಪ್ಪ ಹೋದ ಮೇಲೆ ಬೆಳೆ ಕಾಯುವ ಲೈಸನ್ಸು ನನ್ನ ಹೆಸರಿಗಾಯಿತು. ಬಂಧುಗಳು ಬರುವುದು ನಿಂತ ಮನೆಗೆ ಬಂದೂಕು ಬಂತು. ಪ್ರತಿ ಚುನಾವಣೆ ಬಂದಾಗಲೂ ಅದನ್ನು ಠಾಣೆಗೆ ಒಪ್ಪಿಸಿ ಚೀಟಿ ತರುವುದು, ಎಣಿಕೆ ಮುಗಿದ ಮೇಲೆ ಚೀಟಿ ಕೊಟ್ಟು ತರುವುದು. ನಮ್ಮ ಹೊಲಕ್ಕಿಂತ ಠಾಣೆಯನ್ನೇ ಹೆಚ್ಚು ಕಾದ ಬಂದೂಕು ಅದು.

ಔರಾದ ಹೊಲದ ಬಾವಿಯಿಂದ ಕಳೆದ ತಿಂಗಳು ಮೋಟಾರಿನ ವೈರು ಯಾರೋ ಕತ್ತರಿಸಿಕೊಂಡು ಹೋದದ್ದು ನಿನಗೆ ಗೊತ್ತು. ಕಡಲೆ ಬೇರೆ ಕಾಯಿ ಕಟ್ಟಿದೆ. ಫೆಬ್ರವರಿ ಒಂಬತ್ತು, ರವಿವಾರ, ಬಂದೂಕು ಹೆಗಲಿಗೇರಿಸಿ ಹೋದೆ. ಮಧ್ಯಾಹ್ನ ಮೂರರ ಸುಮಾರಿಗೆ ಬೇವಿನ ಮರದ ಕೆಳಗೆ ರೆಪ್ಪೆ ಬಡಿಯದೆ ಕುಳಿತಿದ್ದೆ. ತೊಗರಿ ಕಿತ್ತು ಖಾಲಿಯಾದ ತುಂಡಿನೊಳಗಿಂದ ನಾಲ್ವರು ಕಳ್ಳರು ಬಾವಿಯ ಕಡೆ ಬಂದರು. ಮುಂದಿನವನ ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಗೆ ಕುಡಗೋಲು. ‘ಯಾರು?’ ಎಂದು ಮೂರು ಸಲ ಕೇಳಿದೆ. ಕಾಯದೆ ಎಷ್ಟು ಸಲ ಎನ್ನುತ್ತದೋ ತಿಳಿಯದು, ನಮ್ಮ ಕಡೆಯ ಬಯಲಾಟದಲ್ಲಿ ಮೂರೇ ಸಲ. ಉತ್ತರ ಬರಲಿಲ್ಲ. ಆಕಾಶಕ್ಕೆ ಒಂದೇ ಒಂದು ಗುಂಡು ಬಿಟ್ಟೆ. ಮೂವರು ಓಡಿದರು, ಒಬ್ಬ ಬಿದ್ದ. ಜೀವಮಾನದಲ್ಲಿ ಗುಂಡು ಹಾಕದವನು ಗುಂಡು ಹಾರಿಸಿಬಿಟ್ಟೆ.

ಒಂದು ದಿನ ಒಳಗಿದ್ದೆ, ಮರುದಿನ ಹೊರಗೆ ಬಿಟ್ಟರು. ನ್ಯಾಯಾಲಯದ ಕರಾರುಗಳಿವೆ: ಔರಾದ ತಾಲೂಕಿನಲ್ಲಿ ಕಾಲಿಡುವಂತಿಲ್ಲ, ಗಾಯಗೊಂಡವನನ್ನು ಕಾಣುವಂತಿಲ್ಲ, ಪ್ರತಿ ರವಿವಾರ ಬೀದರದ ಠಾಣೆಯಲ್ಲಿ ಸಹಿ ಮಾಡಬೇಕು. ಸಾಹಿತಿಯಾಗಬೇಕೆಂದಿದ್ದೆ, ಸಹಿತಿಯಾದೆ. ಜಮೀನು ಕಾಯಲು ಹೋಗಿ ಜಾಮೀನು ಕಾಯುತ್ತಿದ್ದೇನೆ. ನಾನೂ ಸುಮ್ಮನೆ ಕುಳಿತಿಲ್ಲ. ವೈರು ಕದಿಯಲು ಬಂದವನ ಮೇಲೆ ಅಂದು ಸಂಜೆಯೇ ದೂರು ಬರೆಸಿದ್ದೇನೆ.

ಭಾವನವರಿಗೆ ಇದನ್ನು ಗಟ್ಟಿಯಾಗಿ ಓದಿ ತೋರಿಸು.

ನಿನ್ನ ಶೂರ ತಮ್ಮ,
ಗೋವಿಂದ


ಮೆಹಕರ, ತಾ. ಭಾಲ್ಕಿ
೨೨ ಫೆಬ್ರವರಿ ೨೦೨೫

ಗೋವಿಂದಾ,

ನಿನ್ನ ಪತ್ರ ಗುರುವಾರ ಮುಟ್ಟಿತು. ಇವರು ಓದಿ ಹೊಟ್ಟಿ ಹಿಡಕೊಂಡು ನಕ್ಕರು. ನನಗ ನಗು ಬರಲಿಲ್ಲ. ವಯಸ್ಸಾಗ್ಯಾದ, ಅದಕ್ಕ ಇರಬೇಕು.

ಮೊಣಕಾಲು ನೋವು ಹಾಂಗೇ ಅದ. ಭಾಲ್ಕಿ ಡಾಕ್ಟರು ಕೊಟ್ಟ ಎಣ್ಣಿ ಹಚ್ಚೋದು ನಡದದ. ನಿನ್ನ ಹೆಣತಿ ಮಂಜಿರಿಗೆ ಜ್ವರ ಬಂದಿತ್ತಂತ ಕೇಳಿದೆ. ಅಕಿಗೆ ಮೆಣಸಿನ ಸಾರು ಮಾಡಿ ಹಾಕು. ಅಕಿ ತಾನಾಗಿ ನಿನಗ ಹೇಳೋದಿಲ್ಲ, ನೀನೇ ನೋಡಬೇಕು.

ಒಂದು ನಾಕು ಮಾತು ಕೇಳ್ತೇನಿ, ಸರಿಯಾಗಿ ಬರಿ. ಬಿದ್ದವನಿಗೆ ವಯಸ್ಸು ಎಷ್ಟು? ತಲಿಗೆ ಏನು ಸುತ್ತಿದ್ದ? ಕಿವ್ಯಾಗ ಮುರುವು ಇದ್ದವೇನು? ಅವನ ಜೋಡಿ ಕುರಿ ಇದ್ದವೇನು? ಇಷ್ಟುದ್ದ ಪತ್ರ ಬರದಿ, ಅವನ ಹೆಸರು ಯಾಕ ಬರೀಲಿಲ್ಲ? ಗಾಯ ಎಲ್ಲಿ ಆಗ್ಯಾದ, ಯಾವ ದವಾಖಾನ್ಯಾಗ ಇದ್ದಾನ?

ನಕ್ಕೋತ ಬರೀಬ್ಯಾಡ. ಜಲ್ದಿ ಬರಿ.

ಅನಸೂಯಾ


ಬೀದರ
೨೮ ಫೆಬ್ರವರಿ ೨೦೨೫

ಪತ್ತೇದಾರಿ ಅಕ್ಕನವರಿಗೆ,

ನಿನ್ನ ಪ್ರಶ್ನೆಪತ್ರಿಕೆ ತಲುಪಿತು. ಎಲ್ಲ ಪ್ರಶ್ನೆಗಳೂ ಕಡ್ಡಾಯವಂತೆ, ಆಯ್ಕೆಗೆ ಅವಕಾಶವೇ ಇಲ್ಲ. ಮೆಹಕರದ ಹೆಂಗಸರಿಗೆ ತಮ್ಮನ ಶೌರ್ಯ ವರ್ಣಿಸಲು ನಿನಗೆ ವಿವರ ಬೇಕಾಗಿದೆ ಎಂದು ಅರ್ಥವಾಗಿ ಎದೆ ಉಬ್ಬಿತು. ಬರೆದುಕೋ.

ವಯಸ್ಸು ಅರವತ್ತರ ಆಚೀಚೆ. ತಲೆಗೆ ಕೆಂಪು ರುಮಾಲು. ಕಿವಿಯಲ್ಲಿ ಮುರುವು. ನೀನು ಹೇಗೆ ಊಹಿಸಿದೆಯೋ! ಹೆಸರು ಧೊಂಡಿಬಾ ಎಂದು ಪೊಲೀಸರ ಕಾಗದ ಹೇಳುತ್ತದೆ. ಕುರಿ? ಇದ್ದವು. ಕುರಿ ಕಾಯುವವನ ವೇಷ ಪೂರ್ತಿಯಾಗಲಿ ಎಂದು ನೂರೈವತ್ತು ಕುರಿ ಹೊಡೆದುಕೊಂಡು ಬಂದಿದ್ದ. ಹತ್ತು ಮಾರು ವೈರಿಗೆ ಇಷ್ಟು ಪೂರ್ವಸಿದ್ಧತೆ ಮಾಡಿಕೊಂಡ ಕಳ್ಳನನ್ನು ನಾನು ಕಂಡಿಲ್ಲ. ಮೀನಖಂಡದಲ್ಲಿ ಹನ್ನೊಂದು ಛರ್ರಾ, ಅಂದರೆ ತೋಟೆಯೊಳಗಿನ ಸೀಸದ ಕಾಳು, ಹೊಕ್ಕಿವೆಯಂತೆ. ಬೀದರದ ಸರಕಾರಿ ದವಾಖಾನೆಯಲ್ಲಿದ್ದಾನೆ, ಕಾಲು ಉಳಿಯುತ್ತದೆ.

ನನ್ನ ವಕೀಲರು ಅಬ್ದುಲ ಗಫೂರ ಸಾಹೇಬರು. ಮೆತ್ತಗಿನ ದನಿ, ಚೂಪು ಪ್ರಶ್ನೆ. ನನ್ನ ಹೇಳಿಕೆ ಓದಿ ಕನ್ನಡಕ ತೆಗೆದು ಒರೆಸಿಕೊಂಡರು. ‘ಮಾಸ್ತರ್, ಆಸ್ಮಾನಿಗಿ ಹೊಡದ ಗುಂಡು ಮೀನಖಂಡಕ್ಕ ಹ್ಯಾಂಗ ಬಿತ್ತರಿ? ಅಂವ ಕೈ ಮ್ಯಾಲ ನಡಕೋತ ಬರತಿದ್ದನೇನ್ರಿ?’ ಎಂದರು. ನಿಜ ಹೇಳುತ್ತೇನೆ ಅಕ್ಕ, ಆಕಾಶ ಎಂದು ನಾನು ಅಂದದ್ದು ವಿನಯದಿಂದ. ಕಾಲಿಗೇ ಗುರಿಯಿಟ್ಟು ಹೊಡೆದದ್ದು. ಎದೆಗೆ ಹೊಡೆಯಬಹುದಿತ್ತು, ಕರುಣೆಯಿಂದ ಕೆಳಗಿಳಿಸಿದೆ. ಪೊಲೀಸರಿಗೂ ಹಾಗೆಯೇ ತಿದ್ದಿ ಬರೆಸಿದ್ದೇನೆ.

ಗಫೂರ ಸಾಹೇಬರು ಕಾಯದೆ ತಿಳಿಸಿದರು. ಸ್ವಂತ ಆಸ್ತಿ ಕಾಯುವ ಹಕ್ಕು ಇದೆ, ಆದರೆ ತೂಗಿ ಕೊಟ್ಟ ಹಕ್ಕು. ಎದುರಿನವನು ನಿಜವಾಗಿ ಕದಿಯಲು ಬಂದಿರಬೇಕು, ತಡೆಯಲು ಎಷ್ಟು ಬೇಕೋ ಅಷ್ಟೇ ಪೆಟ್ಟು ಕೊಟ್ಟಿರಬೇಕು. ಅಂದರೆ ಧೊಂಡಿಬಾ ಕಳ್ಳನಾದರೆ ನಾನು ಪಾರು. ಅವನು ಕಳ್ಳನಲ್ಲವಾದರೆ... ಆ ಪಾಠ ಪರೀಕ್ಷೆಗಿಲ್ಲ, ಬಿಡು. ಅವನನ್ನು ದವಾಖಾನೆಯಿಂದ ಬಿಟ್ಟ ಕೂಡಲೇ ವೈರಿನ ಕೇಸಿನಲ್ಲಿ ಹಿಡಿಯುತ್ತಾರಂತೆ. ಕುಡಗೋಲು ಈಗಾಗಲೇ ಜಪ್ತಿಯಾಗಿದೆ.

ಇನ್ನೊಂದು ಸುದ್ದಿ. ಇಲ್ಲಿನ ಕಾಳಿನ ಪೇಟೆ ಗಾಂಧಿ ಗಂಜಿನ ಅಡತಿ ಅಂಗಡಿಯವರು ಕರೆದು ಶಾಲು ಹೊದಿಸಿದರು. ರೈತರ ಮಾಲು ಕಾಯಲು ಇಂಥ ಗಂಡಸರು ಬೇಕು ಎಂದು ಒಬ್ಬರು ಭಾಷಣ ಮಾಡಿದರು. ಹಮಾಲರು ತೊಗರಿ ಚೀಲ ಇಳಿಸಿ ಚಪ್ಪಾಳೆ ತಟ್ಟಿದರು. ಗಾಂಧಿಯ ಹೆಸರಿನ ಗಂಜಿನಲ್ಲಿ ಬಂದೂಕಿಗೆ ಸನ್ಮಾನ! ಇಪ್ಪತ್ತು ವರ್ಷ ಊರೂರು ತಿರುಗಿ ನಗೆಭಾಷಣ ಮಾಡಿದೆ, ಯಾರೂ ಎದ್ದು ನಿಂತು ಕೈ ಮುಗಿದಿರಲಿಲ್ಲ.

ಮಂಜಿರಿಗೆ ಜ್ವರ ಇಳಿದಿದೆ. ನನ್ನ ಜೊತೆ ಮಾತು ಕಡಿಮೆ.

ಗೋವಿಂದ


ಮೆಹಕರ
೮ ಮಾರ್ಚ್ ೨೦೨೫

ಗೋವಿಂದಾ,

ಮಂಗಳವಾರ ನಾ ಬೀದರಕ್ಕ ಬಂದಿದ್ದೆ. ಆಟೋ ನಿನ್ನ ಓಣಿ ಮುಂದ ಹಾದು ಹೋತು. ಇಳೀಲಿಲ್ಲ.

ದವಾಖಾನಿಗೆ ಹೋಗಿದ್ದೆ. ಧೊಂಡಿಬಾನ ಔರಾದ ಹೊಲಕ್ಕ ಕಳಿಸಿದಾಕಿ ನಾನೇ.

ಹದಿನೆಂಟು ವರ್ಷ ಆಯ್ತು, ಅಂವ ಸುಗ್ಗಿ ಮುಗದ ಮ್ಯಾಲ ಮೆಹಕರಕ್ಕ ಬಂದು ನಮ್ಮ ಹೊಲದಾಗ ಕುರಿ ಕೂಡಸ್ತಾನ. ನಾಕು ದಿನ ಕುರಿ ಕುಂತ ಹೊಲಕ್ಕ ಗೊಬ್ಬರದ ಗಾಡಿ ಬೇಕಾಗೋದಿಲ್ಲ. ಅಪ್ಪ ಇದ್ದಾಗ ನಮ್ಮ ಔರಾದ ಹೊಲದಾಗೂ ಬ್ಯಾರೆ ಕುರಿಯವರು ಕೂಡಸ್ತಿದ್ರು, ನೀ ಆವಾಗ ಬೀದರದಾಗ ಕಾಲೇಜು ಓದಕೋತ ಇದ್ದಿ. ಈ ವರ್ಷ ತೊಗರಿ ಕಿತ್ತ ತುಂಡು ಖಾಲಿ ಅದ, ನಮ್ಮ ತಮ್ಮನ ಹೊಲ, ನೀ ಹೋಗಿ ಕೂಡಸು ಅಂತ ನಾ ಧೊಂಡಿಬಾಗ ಹೇಳಿದೆ. ನಿನಗೂ ಜನವರಿ ಇಪ್ಪತ್ತಕ್ಕ ಪತ್ರ ಬರದೆ. ಎರಡನೇ ಪುಟದಾಗ ಎಲ್ಲಾ ಬರದೇನಿ: ಅವನ ಹೆಸರು, ಕೆಂಪು ರುಮಾಲು, ಫೆಬ್ರವರಿ ಎರಡನೇ ವಾರ ಬರ್ತಾನ ಅಂತ.

ನಿನ್ನ ಕಾರ್ಡು ಬಂತು. ಜನವರಿ ಇಪ್ಪತ್ತಾರಕ್ಕ ಬರದದ್ದು. ನೀ ಏನ ಬರದಿ ನೆನಪದ ಏನು? ‘ನಿನ್ನ ಮಾತೇ ನನಗೆ ಶಾಸನ. ಬರುವವರೆಲ್ಲ ಬರಲಿ, ಹೊಲ ತಮ್ಮದೇ ಎಂದು ತಿಳಿಯಲಿ.’ ಅದನ್ನ ನಾ ಧೊಂಡಿಬಾಗ ಓದಿ ಹೇಳಿದೆ. ಅಂವ ಖುಷಿಯಾಗಿ ಹೋದ. ಆ ಕಾರ್ಡು ನನ್ನ ಟ್ರಂಕಿನ್ಯಾಗ ಅದ.

ಕುಡಗೋಲು ಅಂದಿ. ಮರಿಗಳಿಗಿ ಜಾಲಿ ಟೊಂಗಿ ಎಳದು ಕಡಿಯೋ ಕುಡಗೋಲು ಅದು. ಅದಿಲ್ಲದ ಕುರಿಯವನ ನೀ ಎಲ್ಲಿ ನೋಡೀದಿ?

ಅವನ ಹೆಣತಿ ಸಖುಬಾಯಿ ಒಬ್ಬಾಕೀನೇ ಬೀದರದ ಹೊರಗ ಅಷ್ಟೂರ ಊರಿನ ಕಡೆ ಕುರಿ ನಿಲ್ಲಿಸಿಕೊಂಡಾಳ. ಮುಂಜಾನೆ ಮೇಯ್ಸ್ತಾಳ, ಮಧ್ಯಾಹ್ನ ದವಾಖಾನಿಗೆ ರೊಟ್ಟಿ ತರ್ತಾಳ, ತಿರುಗಿ ಓಡ್ತಾಳ. ಅಕಿ ನನಗ ಬೈಲಿಲ್ಲ. ಬೈದಿದ್ರ ಛಲೋ ಇತ್ತು. ‘ಅಕ್ಕೋರೆ, ಗಾಯ ಮಾಯ್ತದ. ಕಳ್ಳ ಅಂತ ಬರಕೊಂಡದ್ದು ಮಾಯೋದಿಲ್ರಿ. ನಮಗ ಹೊಲ ಇಲ್ಲ. ಮಂದಿ ನಂಬಿ ತಮ್ಮ ಹೊಲದಾಗ ಬಿಟ್ಟುಕೋತಾರ, ಅದೇ ನಮ್ಮ ಹೊಲ’ ಅಂದಳು. ಮೆಹಕರದಾಗೇ ಇಬ್ಬರು ಈಗಾಗಲೇ ಬರೋ ವರ್ಷ ಅವನ ಕುರಿ ಬ್ಯಾಡ ಅಂದಾರ.

ಧೊಂಡಿಬಾಗ ಕೇಳಿದೆ, ಅಲ್ಲಿ ಏನ ಆಯ್ತು ಹೇಳು ಅಂತ. ‘ಬಂದೂಕು ಹಾರ್ತು ಅಕ್ಕೋರೆ. ಮುಂದ ಕೇಳಬ್ಯಾಡ್ರಿ. ಮಾಸ್ತರು ದೊಡ್ಡವರು’ ಅಂದು ಗ್ವಾಡಿ ಕಡೆ ಮುಖ ಮಾಡಿದ. ನಿನಗ ಅಂಜಿ ಬಾಯಿ ಬಿಡವಲ್ಲ. ಮುದುಕನ ಬಾಯಿ ಕಟ್ಟಿದ ಶೂರ ನೀ.

ಮೊದಲನೇ ಪತ್ರದಾಗ ಆಕಾಶಕ್ಕ ಹೊಡದಿ. ಎರಡನೇದ್ರಾಗ ಕಾಲಿಗೆ ಹೊಡದಿ. ಮೂರನೇದ್ರಾಗ ಖರೇ ಏನಂತ ಬರಿ.

ಅನಸೂಯಾ


ಬೀದರ
೧೨ ಮಾರ್ಚ್ ೨೦೨೫

ಅಕ್ಕ,

ನಿನ್ನ ಪತ್ರದ ಎರಡನೆಯ ಪುಟವನ್ನು ಪೂರ್ತಿ ಓದಿದ್ದು ಇದೇ ಮೊದಲು. ಬೇಸರ ಮಾಡಿಕೊಳ್ಳಬೇಡ. ನಿನ್ನ ಮೊದಲ ಪುಟ ಯಾವಾಗಲೂ ಮೊಣಕಾಲು, ಎಣ್ಣೆ, ಎಮ್ಮೆ. ಅಲ್ಲಿಗೇ ನನ್ನ ಓದು ನಿಂತು ಉತ್ತರ ಶುರುವಾಗುತ್ತಿತ್ತು. ಜನವರಿಯ ಪತ್ರವನ್ನು ಮಂಜಿರಿ ನನ್ನ ಮೇಜಿನ ಖಾನೆಯಿಂದ ತೆಗೆದು, ಎರಡನೆಯ ಪುಟ ಮೇಲೆ ಮಾಡಿ, ಊಟದ ತಾಟಿನ ಪಕ್ಕದಲ್ಲಿ ಇಟ್ಟಳು.

ಮೊದಲ ಪುಟದ ಕೊನೆಗೆ ‘ಹೊಲಕ್ಕೆ ಬರುವವರಿದ್ದಾರೆ’ ಎಂದಿತ್ತು. ನಿನ್ನ ನಾದಿನಿಯರು ಹಸಿ ಕಡಲೆ ತಿನ್ನಲು ಬರುತ್ತಾರೆಂದು ತಿಳಿದೆ. ಅದಕ್ಕೇ ಆ ಕಾರ್ಡು.

ಈಗ ನನ್ನ ಸ್ಥಿತಿ ಕೇಳು. ಕಾಲೇಜಿನ ಆಡಳಿತ ಮಂಡಳಿಯವರು ನೋಟಿಸು ಕೊಟ್ಟಿದ್ದಾರೆ. ನಿವೃತ್ತಿಗೆ ಇನ್ನು ನಾಲ್ಕು ವರ್ಷ. ನೀನು ಆ ಕಾರ್ಡು ಹೊರಗೆ ತೆಗೆದರೆ, ನಾನೇ ಕರೆಸಿಕೊಂಡ ಮನುಷ್ಯನಿಗೆ ನಾನೇ ಗುರಿಯಿಟ್ಟು ಹೊಡೆದಂತಾಗುತ್ತದೆ. ಆಸ್ತಿ ರಕ್ಷಣೆಯ ಮಾತೇ ಉಳಿಯುವುದಿಲ್ಲ, ಉಳಿಯುವುದು ಜೈಲು. ತೆಗೆಯದಿದ್ದರೆ ಧೊಂಡಿಬಾನಿಗೆ ಹೆಚ್ಚೇನೂ ಆಗುವುದಿಲ್ಲ. ವೈರು ಅವನ ಹತ್ತಿರ ಸಿಕ್ಕಿಲ್ಲ, ವರ್ಷ ಎರಡು ವರ್ಷಕ್ಕೆ ಕೇಸು ತಾನಾಗಿಯೇ ಬಿದ್ದುಹೋಗುತ್ತದೆ. ಅವನ ಔಷಧಿಯ ಖರ್ಚು ನಿನ್ನ ಕೈಯಿಂದ ಕೊಡಿಸುತ್ತೇನೆ.

ಕಾರ್ಡನ್ನು ಒಲೆಗೆ ಹಾಕು. ಚಿಕ್ಕವನಿದ್ದಾಗ ನನ್ನ ಎಷ್ಟೋ ತಪ್ಪುಗಳನ್ನು ಅಪ್ಪನಿಂದ ಮುಚ್ಚಿಟ್ಟವಳು ನೀನು.

ಇಲ್ಲಿ ಏನಾದರೂ ನಗೆಮಾತು ಬರೆಯೋಣವೆಂದು ಅರ್ಧ ತಾಸು ಕುಳಿತೆ. ಬರಲಿಲ್ಲ.

ಗೋವಿಂದ


ಮೆಹಕರ
೧೭ ಮಾರ್ಚ್ ೨೦೨೫

ಗೋವಿಂದಾ,

ನೀ ಅವನ ಕಾಲು ನೋಡಿಲ್ಲ. ನಾ ನೋಡೇನಿ. ‘ಹೆಚ್ಚೇನೂ ಆಗುವುದಿಲ್ಲ’ ಅನ್ನೋದು ನನಗ ಬರೀಬ್ಯಾಡ.

ಕಾರ್ಡು ಒಲಿಗೆ ಹಾಕಲಿಲ್ಲ. ಪೊಲೀಸರಿಗೂ ಕೊಡಲಿಲ್ಲ. ಇವರು ಕೊಡು ಅಂದ್ರು, ನಾ ಒಲ್ಲೆ ಅಂದೆ. ತಮ್ಮನ್ನ ಹಿಡಿಸಿಕೊಟ್ಟೆ ಅಂತ ನಾಳೆ ನನಗ ಅನಿಸಬಾರದು, ಧೊಂಡಿಬಾನ ಮುಳುಗಿಸಿದೆ ಅಂತಾನೂ ಅನಿಸಬಾರದು. ನನ್ನ ಕೈಲೆ ಎರಡೂ ಆಗೋದಿಲ್ಲ.

ಇದರ ಜೋಡಿ ಆ ಕಾರ್ಡು ಇಟ್ಟೇನಿ. ನಿನ್ನ ಬರವಣಿಗಿ, ನಿನ್ನ ಸಹಿ. ಸುಡೋದಾದ್ರ ನೀನೇ ಸುಡು. ಸುಟ್ಟರ ನನಗ ತಿಳಿಸಬ್ಯಾಡ. ಪತ್ರಾನೂ ಬರೀಬ್ಯಾಡ.

ಶನಿವಾರ ಅವನನ್ನ ದವಾಖಾನಿಯಿಂದ ಬಿಡ್ತಾರಂತ.

ಅನಸೂಯಾ


ಬೀದರ
೬ ಏಪ್ರಿಲ್ ೨೦೨೫

ಅಕ್ಕ,

ಪತ್ರ ಬರೆಯುತ್ತಿದ್ದೇನೆ ಎಂದರೆ ಸುಡಲಿಲ್ಲ ಎಂದು ನಿನಗೆ ಗೊತ್ತಾಗಿರಬೇಕು.

ಕಾರ್ಡು ಎರಡು ದಿನ ನನ್ನ ಕಿಸೆಯ ಕನ್ನಡಕದ ಡಬ್ಬಿಯಲ್ಲಿತ್ತು. ತರಗತಿಯಲ್ಲಿ ಹಾಜರಿ ಕರೆಯುವಾಗಲೂ ಅದರ ಮೇಲೆ ಕೈ. ಶುಕ್ರವಾರ, ಅವನನ್ನು ಬಿಡುವ ಹಿಂದಿನ ದಿನ, ಗಫೂರ ಸಾಹೇಬರ ಕಚೇರಿಗೆ ಹೋಗಿ ಮೇಜಿನ ಮೇಲೆ ಇಟ್ಟೆ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಕಾರ್ಡನ್ನು ಎರಡು ಸಲ ಓದಿದರು. ‘ಮಾಸ್ತರ್, ಇದೇ ಮಾತು ಮೊದಲನೇ ದಿನ ಹೇಳಿದ್ರ ನಿಷ್ಕಾಳಜಿ ಅಂತ ಹಗುರ ಕೇಸು ಆಗ್ತಿತ್ತರಿ. ಗುರಿ ಇಟ್ಟು ಹೊಡದೆ ಅಂತ ನೀವೇ ಬರಸಿ ನಿಮ್ಮ ಕೊರಳಿಗಿ ನೀವೇ ಹಗ್ಗ ಹಾಕ್ಕೊಂಡೀರಿ. ಖರೇ ಹೇಳಲಿಕ್ಕೆ ಏನು ಅಡ್ಡ ಬಂದಿತ್ತರಿ?’ ಎಂದು ಕೇಳಿದರು.

ಏನು ಅಡ್ಡ ಬಂದಿತ್ತು, ಕೇಳು. ನಾನು ರೆಪ್ಪೆ ಬಡಿಯದೆ ಕುಳಿತಿರಲಿಲ್ಲ. ಎರಡು ರೊಟ್ಟಿ ಹೆಚ್ಚು ತಿಂದು, ಬೂಟು ಕೂಡ ಬಿಚ್ಚದೆ ಹೊರಸಿನ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದೆ. ಶೂರನಂತೆ ಕಾಣಲೆಂದು ಬಂದೂಕಿನಲ್ಲಿ ತೋಟೆ ತುಂಬಿ, ಕುದುರೆ ಎಳೆದು, ಪಕ್ಕದಲ್ಲಿಟ್ಟುಕೊಂಡಿದ್ದೆ. ಯಾರೋ ಮುಖದ ಮೇಲೆ ಬಿಸಿ ಉಸಿರು ಬಿಟ್ಟಂತಾಯಿತು. ಕಣ್ಣು ಬಿಟ್ಟರೆ ಒಂದು ಗೇಣು ದೂರದಲ್ಲಿ ಕೊಂಬು. ನನ್ನ ತಲೆದಿಂಬಿನ ಹತ್ತಿರದ ರೊಟ್ಟಿ ಗಂಟಿಗೆ ಬಾಯಿ ಹಾಕಿದ್ದ ಟಗರು. ನಾಲ್ವರು ಕಳ್ಳರು ಎಂದೆನಲ್ಲ, ಅಲ್ಲಿದ್ದದ್ದು ನಾಲ್ಕು ಕಾಲು ಮಾತ್ರ. ನಾನು ಚೀರಿ ಎದ್ದೆ, ಅದು ತಲೆ ತಗ್ಗಿಸಿತು. ಬಂದೂಕು ಕೈಯಲ್ಲಿ ಹಿಡಿದೇ ಬೇವಿನ ಮರ ಹತ್ತಿದೆ. ಧೊಂಡಿಬಾ ದೂರದಿಂದ ‘ಹೋಯ್, ಹೋಯ್’ ಎನ್ನುತ್ತ ಟಗರು ಹಿಡಿಯಲು ಓಡಿ ಬಂದ. ಟೊಂಗೆ ಹಿಡಿಯಲು ಎರಡೂ ಕೈ ಬೇಕಾಯಿತು, ಬಂದೂಕು ಬಿಟ್ಟೆ. ಅದು ಕೆಳಗೆ ಬೇರಿಗೆ ಬಡಿದು ಹಾರಿತು.

ಇಷ್ಟೇ. ‘ಯಾರು’ ಎಂದು ಒಂದು ಸಲವೂ ಕೇಳಿರಲಿಲ್ಲ. ಕೇಳಿದ್ದರೆ ಅವನು ನಿನ್ನ ಹೆಸರು ಹೇಳುತ್ತಿದ್ದ.

ಊರೆಲ್ಲರನ್ನೂ ನಗಿಸುತ್ತ ತಿರುಗಿದವನು ನಾನು. ಊರು ನನ್ನನ್ನು ನೋಡಿ ನಗುವುದನ್ನು ತಾಳಲಾರೆನೆಂದು ಅಂದು ಗೊತ್ತಾಯಿತು. ಜೈಲಿಗೆ ಹೋದರೂ ಬಂದೂಕು ಹೊಡೆದವನು ಎನ್ನಿಸಿಕೊಂಡು ಹೋಗುವುದು ಮೇಲೆನಿಸಿತು. ಆ ಮೇಲೆನಿಸಿದ್ದರ ಕೆಳಗೆ ಒಬ್ಬ ಮನುಷ್ಯ ಸಿಕ್ಕಿಬಿದ್ದಿದ್ದಾನೆ ಎಂದು ಯೋಚಿಸಲಿಲ್ಲ.

ಶುಕ್ರವಾರವೇ ಹೊಸ ಹೇಳಿಕೆ ಕೊಟ್ಟೆ. ಗಫೂರ ಸಾಹೇಬರು ಜೊತೆಗಿದ್ದರು. ಇನ್ಸ್‌ಪೆಕ್ಟರು ಟಗರಿನವರೆಗೆ ಗಂಭೀರವಾಗಿದ್ದರು. ಮರಕ್ಕೆ ಬಂದಾಗ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು, ಭುಜ ಅಲುಗುತ್ತಿದ್ದವು. ನಿನ್ನ ಜನವರಿ ಪತ್ರ, ನನ್ನ ಕಾರ್ಡು ಎರಡನ್ನೂ ಕಡತಕ್ಕೆ ಸೇರಿಸಿದರು. ಧೊಂಡಿಬಾನ ಮೇಲಿನ ನನ್ನ ದೂರು ಸುಳ್ಳೆಂದು ಬರೆದು ಸಹಿ ಮಾಡಿದೆ. ಮೊನ್ನೆ ಆ ಕೇಸು ಮುಗಿಸಿದರು, ಕುಡಗೋಲು ಸಖುಬಾಯಿಯ ಕೈಗೆ ತಿರುಗಿ ಕೊಟ್ಟರು. ನಿಮ್ಮೂರಿನ ಆ ಇಬ್ಬರಿಗೆ ಕೇಸು ಮುಗಿಸಿದ ಕಾಗದದ ನಕಲು ತೋರಿಸು, ಇದರೊಳಗೆ ಇಟ್ಟಿದ್ದೇನೆ. ಸಾಲದಿದ್ದರೆ ಈ ಪತ್ರವನ್ನೇ ಚಾವಡಿಯಲ್ಲಿ ಓದಿಸು. ನಗಲಿ.

ನನ್ನ ಕೇಸು ಹಾಗೆಯೇ ಇದೆ. ಸುಳ್ಳು ದೂರಿನದು ಬೇರೆ ಸೇರಿಕೊಳ್ಳಬಹುದಂತೆ. ಬಂದೂಕು ಹೋಯಿತು, ಲೈಸನ್ಸು ರದ್ದತಿಯ ನೋಟಿಸು ಬಂದಿದೆ, ಕಾಲೇಜು ಅಮಾನತಿನಲ್ಲಿಟ್ಟಿದೆ. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಳ್ಳುತ್ತೇನೆ. ಎಷ್ಟು ಕೊಡುತ್ತಾರೋ ಅಷ್ಟು. ಮಂಜಿರಿ ನಿನ್ನೆ ಊಟಕ್ಕೆ ಬಡಿಸುವಾಗ ‘ಇನ್ನೊಂದು ರೊಟ್ಟಿ ಹಾಕಲೇನ್ರಿ, ಟಗರು ಇಲ್ಲ ಇಲ್ಲಿ’ ಎಂದಳು. ತಿಂಗಳಾದ ಮೇಲೆ ಆಡಿದ ಮೊದಲ ಮಾತು.

ಇಲ್ಲಿಯವರೆಗಿನದನ್ನು ಧೊಂಡಿಬಾನಿಗೆ ಓದಿ ಹೇಳು. ಅವನೆದುರು ನಿಂತು ತಪ್ಪಾಯಿತು ಎನ್ನಲು ನನಗೆ ಪರವಾನಗಿ ಇಲ್ಲ. ನನ್ನ ಪರವಾಗಿ ನೀನು ಅನ್ನು. ಮುಂದಿನದನ್ನು ಓದಬೇಕಿಲ್ಲ. ಅವನಿಗೆ ಅದು ಗೊತ್ತು.

ಹೇಳಿಕೆಯಲ್ಲಿ ಒಂದು ಸಂಗತಿ ಬರೆಸಲಿಲ್ಲ. ಕಾಯದೆಗೆ ಅದು ಬೇಕಾಗಿರಲಿಲ್ಲ. ಅವನು ನನಗೆ ಅಂಜಿ ಬಾಯಿ ಮುಚ್ಚಿದ್ದಾನೆ ಎಂದು ನೀನು ಬರೆದೆ. ಅಲ್ಲ ಅಕ್ಕ, ನನ್ನ ಮರ್ಯಾದೆಗೆ ಅಂಜಿ ಮುಚ್ಚಿದ್ದಾನೆ. ನನಗೆ ಮರ ಹತ್ತಲು ಬಂತು, ಇಳಿಯಲು ಬರಲಿಲ್ಲ. ಬಂದೂಕು ಹಾರಿದ ಮೇಲೆ ಟೊಂಗೆ ತಬ್ಬಿಕೊಂಡು, ಕಣ್ಣು ಮುಚ್ಚಿಕೊಂಡು, ಗಟ್ಟಿಯಾಗಿ ಅಳುತ್ತಿದ್ದೆ. ಧೊಂಡಿಬಾ ರುಮಾಲು ಬಿಚ್ಚಿ ಮೀನಖಂಡಕ್ಕೆ ಬಿಗಿದುಕೊಂಡ. ಕುಂಟುತ್ತ ಬಂದು ಮರದ ಬೊಡ್ಡೆಗೆ ಎದೆ ಕೊಟ್ಟು ನಿಂತ. ‘ನನ್ನ ಹೆಗಲ ಮ್ಯಾಲ ಕಾಲಿಡ್ರಿ ಮಾಸ್ತರ್. ಅಂಜಬ್ಯಾಡ್ರಿ, ಟಗರು ಹೋತು’ ಎಂದ.

ಇಟ್ಟೆ. ಬೂಟುಗಾಲನ್ನೇ ಇಟ್ಟೆ.

ಗೋವಿಂದ